ಶನಿವಾರದ ಪ್ರಾರ್ಥನೆ

ಕಾಲುವೆ ಕಾಲೊನಿ, ತಿರ್ಲಾಪುರ
೧೨ ಜನವರಿ ೧೯೮೬, ಭಾನುವಾರ

ಪ್ರೀತಿಯ ಸುವಾರ್ತಕ್ಕ,

ಈ ಪತ್ರವನ್ನು ಮಗಳು ರೂತ ನಿಮಗೆ ಓದಿ ಹೇಳುತ್ತಾಳೆ. ಅವಳ ದನಿಯಲ್ಲಿ ಇದು ಹೇಗೆ ಕೇಳಿಸೀತು ಎಂದು ಯೋಚಿಸಿ ಮೂರು ಹಾಳೆ ಹರಿದೆ. ಇದು ನಾಲ್ಕನೆಯದು. ನಿಮ್ಮ ಯಜಮಾನರಿಗೆ, ನಮ್ಮ ಅಂದಾನೆಪ್ಪಣ್ಣನಿಗೆ, ನನ್ನ ವಂದನೆ ತಿಳಿಸಿರಿ.

ನಿನ್ನೆ ಬಳೆ ಮಾರುವ ಜಮಾಲಬಿ ಬಂದಿದ್ದಳು. ಕಲಘಟಗಿಗೆ ತಂಗಿಯ ಮನೆಗೆ ಹೋದಾಗ ತಂಬೂರ ಹಾದಿಯ ಹೊಲವೊಂದರಲ್ಲಿ ರೂತಳನ್ನು ಕಂಡಳಂತೆ. ನನ್ನ ಕೈಗೆ ಬಳೆ ಏರಿಸುತ್ತ, “ಪುಸ್ತಕ ಹಿಡಿಯೂ ಕೈಲೆ ಹತ್ತಿ ಬಿಡಸಾಕ ಹತ್ತ್ಯಾಳ್ರಿ ನಿಮ್ಮ ರೂತವ್ವ. ನಿಮ್ಮ ಪ್ರಾರ್ಥನಾ ಭಾಳ ಜೋರ ಐತಿ ಬಿಡ್ರಿ” ಎಂದಳು. ನಾನು ಬಳೆಯ ದುಡ್ಡು ಎಣಿಸಿ ಕೊಟ್ಟೆ. ನಾನು ಏನೂ ಹೇಳುವವಳಲ್ಲ ಎಂಬುದು ನಿಮಗೆ ಗೊತ್ತಲ್ಲ.

ನಿಮಗೆ ತಿಳಿದದ್ದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಸರಿಸಬೇಡಿ. ನನ್ನ ಬಾಯಿಂದ ಒಮ್ಮೆಯಾದರೂ ಅದು ಬರಬೇಕು.

ಇಲ್ಲಿಯ ಶಾಲೆ ನಾಲ್ಕನೇತ್ತೆಗೇ ಮುಗಿಯುತ್ತದೆ, ಮಳೆಗಾಲದಲ್ಲಿ ಎರಿ ಮಣ್ಣು ತುಳಿದು ನವಲಗುಂದಕ್ಕೆ ಹೋಗುವುದು ಮಕ್ಕಳಿಗೆ ಆಗದು ಎಂದು ನಮ್ಮ ಚರ್ಚಿನ ಸಭೆಯ ಐದು ಮನೆಯವರು ಸೇರಿ ಮನೆಪಾಠದ ಗುಂಪು ಕಟ್ಟಿದೆವು. ನರ್ಸ್ ಕೆಲಸದಿಂದ ನಿವೃತ್ತರಾದ ಎಸ್ತೇರಬಾಯಿ ಅದಕ್ಕೆ ಹಿರಿಯರು. ಅವರು ಹೇಳಿದ ನಿಯಮಗಳನ್ನು ದೊಡ್ಡ ಹಾಳೆಯ ಮೇಲೆ ದುಂಡಗೆ ಬರೆದವಳು ನಾನು. ಮಗುವನ್ನು ಕಳಿಸುವ ಪ್ರತಿಯೊಂದು ಮನೆಯೂ ಒಂದು ಪಾಠ ಹೇಳಬೇಕು. ಒಬ್ಬರ ಮನೆಯಲ್ಲಿ ಕಂಡದ್ದನ್ನು ಇನ್ನೊಬ್ಬರ ಮನೆಗೆ ಒಯ್ಯಬಾರದು. ಎರಡನೆಯದಕ್ಕೆ ಕೆಂಪು ಮಸಿ ಹಾಕಿದ್ದೆ.

ನಿಮ್ಮ ಪಾಲಿಗೆ ಬಂದದ್ದು ಕಥೆ ಮತ್ತು ಬಾಯಿಲೆಕ್ಕ. ಮಕ್ಕಳು ನಿಮ್ಮ ಮನೆಗೆ ಓಡುತ್ತಿದ್ದರು. ಅದೇನೆಂದು ನೋಡಲು ಜೂನ್ ತಿಂಗಳಲ್ಲಿ ನಾನೂ ಒಂದು ದಿನ ಬಂದು ಬಾಗಿಲ ಬಳಿ ಕೂತೆ. ನೀವು ಪುಸ್ತಕ ಹಿಡಿದು ಕಥೆ ಓದುತ್ತಿದ್ದಿರಿ. ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ಮಗುಚಿದವು. ಪುಟ ತಪ್ಪಿತು, ಕಥೆ ಮಾತ್ರ ತಪ್ಪಲಿಲ್ಲ. ರೂತ ಹಿಂದಿನ ದಿನ ಓದಿ ಹೇಳಿದ್ದನ್ನು ಒಂದಕ್ಷರ ಬಿಡದೆ ಮನಸ್ಸಿನಲ್ಲಿಟ್ಟುಕೊಂಡು ನೀವು ಒಪ್ಪಿಸುತ್ತಿದ್ದಿರಿ. ಬಿ.ಎ. ಓದಿದ ನನಗೆ ಎಂಟು ಸಾಲು ಬಾಯಿಗೆ ಬರುವುದಿಲ್ಲ.

ಮಕ್ಕಳು ಹೋದ ಮೇಲೆ ನೀವು ಚಹಾ ಕೊಟ್ಟು ನಕ್ಕಿರಿ. “ನೀ ಅಗದಿ ಸೂಕ್ಷ್ಮ ಅದಿ ಬೇ. ನೋಡಿದ್ದು ನಿನ್ನ ಕಡೇನ ಇರಲಿ. ರೂತಂದು ಈ ವರ್ಷ ಮುಲ್ಕಿ ಪರೀಕ್ಷಾ ಆಗಿಬಿಡಲಿ, ಆಮ್ಯಾಲೆ ನಾನ ಎಲ್ಲಾರಿಗೂ ಹೇಳತೇನಿ” ಎಂದಿರಿ. ಏಳನೇತ್ತೆ ಮುಗಿಸಿದ ಹುಡುಗಿ ನಿಮ್ಮ ಮನೆತನದಲ್ಲಿ ಅದುವರೆಗೆ ಒಬ್ಬಳೂ ಇರಲಿಲ್ಲ. ನಾನು ಆಣೆ ಮಾಡಿದೆ.

ಆಣೆಯನ್ನು ಒಂದು ತಿಂಗಳು ಇಟ್ಟುಕೊಂಡೆ.

ಎದುರಿಗೆ ಮುಖಗಳಿದ್ದರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ. ಎಲ್ಲರೂ ಕಣ್ಣು ಮುಚ್ಚಿದಾಗ ಮಾತ್ರ ಅದು ಬರುತ್ತದೆ. ಶನಿವಾರದ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದರೆ ಎಸ್ತೇರಬಾಯಿ, “ಸುಗಂಧಾ ಪ್ರಾರ್ಥನಾ ಮಾಡಿದ್ರ ಕಣ್ಣಾಗ ನೀರು ಬರತಾವ ನೋಡ್ರಿ” ಎನ್ನುತ್ತಿದ್ದರು. ಅದಕ್ಕಾಗಿ ನಾನು ಶುಕ್ರವಾರದಿಂದಲೇ ಮಾತು ಜೋಡಿಸುತ್ತಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆ ಶನಿವಾರ ನಾನು ದೇವರಿಗೆ ಸ್ತೋತ್ರ ಹೇಳಿದೆ. ಅಕ್ಷರ ಕಲಿಯದ ಒಬ್ಬ ತಾಯಿಗೆ ಪುಸ್ತಕಕ್ಕಿಂತ ದೊಡ್ಡ ನೆನಪು ಕೊಟ್ಟದ್ದಕ್ಕಾಗಿ, ಮಗಳ ದನಿಯಲ್ಲಿ ಕೇಳಿದ್ದನ್ನು ನಮ್ಮೆಲ್ಲರ ಮಕ್ಕಳಿಗೆ ಹಂಚುವ ಅವಳ ಮನಸ್ಸಿಗಾಗಿ. ಕೊನೆಗೆ ನಿಮ್ಮ ಹೆಸರು ಹೇಳಿದೆ. ಹೊಗಳಿಕೆ ಎಂದೇ ಹೇಳಿದ್ದು. ಕಣ್ಣು ಮುಚ್ಚಿದ್ದರಿಂದ ನೀವು ಎದುರಿಗಿದ್ದೀರಿ, ಮಕ್ಕಳಿದ್ದಾರೆ ಎಂಬ ಪರಿವೆಯೇ ನನಗಿರಲಿಲ್ಲ.

ಯಾರೂ ಆಮೆನ್ ಅನ್ನಲಿಲ್ಲ.

ನೀವು ಸೆರಗು ಸರಿ ಮಾಡಿಕೊಂಡು, ರೂತಳ ಕೈ ಹಿಡಿದು ಹೊರಟಿರಿ. ಆಮೇಲೆ ನಡೆದದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಶಾಂತವ್ವ, “ಓದಾಕ ಬಾರದಾಕಿ ಕಲಿಸೂದಂದ್ರ ಏನ್ರಿ ಬಾಯಿ? ಇಷ್ಟ ದಿನ ನಮಗ ನಾಟಕ ತೋರಿಸಿದ್ಲು ಅಂದಂಗಾತು” ಎಂದಳು. “ನಾಟಕ ಆದ್ರೂ ನನ್ನ ಮಗ ಹದಿನೇಳರ ಮಗ್ಗಿ ಕಲತಾನ, ನಿನ್ನ ಕಡೆ ಏನ ಕಲತಾನ?” ಎಂದು ಕೇಳಿದವಳು ಮಾರ್ತವ್ವ ಒಬ್ಬಳೇ. ಎಸ್ತೇರಬಾಯಿ, “ದೇವರ ಮುಂದ ಬಂದ ಮಾತು. ಇನ್ನ ಗೊತ್ತಿಲ್ಲ ಅನ್ನಾಕ ಬರೂದಿಲ್ಲ. ಪಾಠ ಹೇಳದ ಮನಿ ಮಗೂನ ಹೆಂಗ ಕೂಡಿಸ್ಕೊಳ್ಳೂಣು?” ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ನನ್ನದೇ ಅಕ್ಷರ ನೋಡುತ್ತ ಕೂತೆ. ಕೆಂಪು ಮಸಿಯ ನಿಯಮ ಮುರಿದವಳು ನಾನು ಎಂದು ಯಾರೂ ಅನ್ನಲಿಲ್ಲ. ಪ್ರಾರ್ಥನೆಯಲ್ಲಿ ಹೇಳಿದ್ದನ್ನು ಚಾಡಿ ಎಂದು ಯಾರು ಅಂದಾರು?

ಸೋಮವಾರ ನೀವು ಅಂಗಳ ಗುಡಿಸಿ ಚಾಪೆ ಹಾಸಿದ್ದನ್ನು ನಮ್ಮ ಕಿಟಕಿಯಿಂದ ನೋಡಿದೆ. ಮಕ್ಕಳು ಯಾರೂ ಬರಲಿಲ್ಲ. ಮಧ್ಯಾಹ್ನ ರೂತ ಬಂದು ಚಾಪೆ ಸುತ್ತಿ ಒಳಗೆ ಒಯ್ದಳು. ಇಪ್ಪತ್ತು ಹೆಜ್ಜೆ ದೂರ ನಿಮ್ಮ ಮನೆ. ನಾನು ಬರಲಿಲ್ಲ. ಆಗಸ್ಟಿನಲ್ಲಿ ಅಂದಾನೆಪ್ಪಣ್ಣ ತಂಬೂರಿಗೆ ಬದಲಿ ಮಾಡಿಸಿಕೊಂಡು ನಿಮ್ಮ ಸಾಮಾನು ಚಕ್ಕಡಿಗೆ ಹೇರಿದಾಗಲೂ ಕಿಟಕಿಯ ಹಿಂದೆಯೇ ಇದ್ದೆ.

ನಾನು ಗುಂಪು ಬಿಟ್ಟೆ ಎಂದು ಬರೆಯುವಂತಿದ್ದರೆ ಚೆನ್ನಾಗಿರುತ್ತಿತ್ತು. ಬಿಟ್ಟಿಲ್ಲ. ನಿಮ್ಮ ಬಾಯಿಲೆಕ್ಕವನ್ನು ಈಗ ನನಗೇ ಕೊಟ್ಟಿದ್ದಾರೆ. ಹದಿನೇಳರವರೆಗೆ ಹೇಳುತ್ತಿದ್ದ ಮಕ್ಕಳು ಹನ್ನೆರಡರ ಮಗ್ಗಿಯಲ್ಲಿ ನಿಂತಿದ್ದಾರೆ.

ಕ್ಷಮೆ ಕೇಳುವುದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಖಾಸಗಿಯಾಗಿ ಮುಲ್ಕಿ ಪರೀಕ್ಷೆಗೆ ಕೂರುವವರ ಅರ್ಜಿಗೆ ಈ ತಿಂಗಳ ಮೂವತ್ತೊಂದು ಕೊನೆಯ ದಿನ. ಅರ್ಜಿ ತರಿಸಿ ಇದರೊಳಗೆ ಇಟ್ಟಿದ್ದೇನೆ. ರೂತ ತಾನೇ ತುಂಬಬಲ್ಲಳು. ಕಲಘಟಗಿಯಲ್ಲಿ ನಮ್ಮ ಸೋದರತ್ತೆಯ ಮನೆಯಿದೆ. ನೀವು ಹೂಂ ಅಂದರೆ ಫೆಬ್ರುವರಿ ಪೂರ್ತಿ ಅಲ್ಲಿದ್ದು, ದಿನಾಲು ತಂಬೂರಿಗೆ ಬಂದು ಪಾಠ ಹೇಳುತ್ತೇನೆ. ಗುಂಪಿನವರನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಒಲ್ಲೆ ಅಂದರೆ ಅರ್ಜಿಯನ್ನಾದರೂ ಕಳಿಸಿರಿ. ನನ್ನ ಮೇಲಿನ ಸಿಟ್ಟಿಗೆ ರೂತಳ ವರ್ಷ ಹೋಗುವುದು ಬೇಡ.

ನಿಮ್ಮ ಮುಂದೆ ಕಣ್ಣು ತೆರೆದು ಮಾತಾಡಲು ಕಲಿಯಬೇಕಾದ,
ಸುಗಂಧಾ

ತಾ. ಕ.: ರೂತ, ಇದು ನಿನಗೆ. ಅವ್ವನಿಗೆ ಓದಿ ಹೇಳುವುದು ಬಿಡುವುದು ನಿನ್ನ ಇಷ್ಟ. ನನಗೆ ಪರಿವೆ ಇರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅದು ನಿನಗೊಬ್ಬಳಿಗೇ ಗೊತ್ತು. ಪ್ರಾರ್ಥನೆಯ ನಡುವೆ ನಾನು ಒಮ್ಮೆ ಕಣ್ಣು ತೆರೆದೆ. ನೀನು ನನ್ನನ್ನೇ ನೋಡುತ್ತಿದ್ದೆ, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದೆ. ಅಷ್ಟರವರೆಗೆ ನಾನು ನಿಮ್ಮವ್ವನ ಹೆಸರು ಹೇಳಿರಲಿಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡು ಹೇಳಿದೆ.