ಬೇಡ ಅನ್ನದ ಹುಡುಗ

ಮಾರ್ಚ್ ೯, ಭಾನುವಾರ

ನಿದ್ದೆ ಹತ್ತುತ್ತಿಲ್ಲ. ಮಗಳು ಮೆಚ್ಚಿದ ಹುಡುಗ ಇವತ್ತು ಮೊದಲ ಸಲ ಊಟಕ್ಕೆ ಬಂದಿದ್ದ. ಮೀನು, ಸಿಗಡಿ ಹಾಕಿ ಗಟ್ಟಿ ಸಾರು ಮಾಡಿದ್ದೆ. ‘ಇನ್ನೂ ಸ್ವಲ್ಪ ಹಾಕ್ಲಾ?’ ಅಂದಾಗಲೆಲ್ಲ ಬಟ್ಟಲು ಮುಂದೆ ಹಿಡಿದ. ಕೈ ತೊಳೆಯುವಷ್ಟರಲ್ಲಿ ತುಟಿ ಊದಿ, ಉಸಿರು ಕಟ್ಟಿತು. ಮಗಳು ಆಸ್ಪತ್ರೆಗೆ ಕರೆದುಕೊಂಡು ಓಡಿದಳು.

ಈಗಷ್ಟೇ ಫೋನ್ ಮಾಡಿದಳು. ‘ಇಂಜೆಕ್ಷನ್ ಕೊಟ್ರಮ್ಮಾ, ಈಗ ಆರಾಮಾಗಿದಾನೆ. ಸಿಗಡಿ ಆಗಿಬರಲ್ಲ ಅಂತ ಚಿಕ್ಕಂದಿನಿಂದ್ಲೇ ಗೊತ್ತಂತೆ!’

‘ಮತ್ತೆ ಹೇಳೋಕೆ ಏನು ದಾಡಿಯಾಗಿತ್ತು?’

‘ನೀನು ಅಷ್ಟು ಪ್ರೀತಿಯಿಂದ ಬಡಿಸ್ತಿದ್ದೆ, ಹೇಗೆ ಬೇಡ ಅನ್ಲಿ ಅಂತಾನೆ.’

‘ಚಿನ್ನದಂಥ ಹುಡುಗ ಕಣೇ’ ಅಂದು ಇವರು ಮಗ್ಗುಲು ಬದಲಿಸಿ ಮಲಗಿದರು. ನನಗೆ ಮಾತ್ರ ತಳಮಳ. ಪ್ರಾಣಕ್ಕೆ ಬಂದರೂ ಬಾಯಿ ಬಿಡದವನು ಸಂಸಾರದಲ್ಲಿ ಇನ್ನೇನೇನು ನುಂಗಿಕೊಂಡು ಕೂರುತ್ತಾನೋ. ನಾಳೆ ಮಗಳಿಗೆ ಹೇಳಬೇಕು, ಅವನು ಹೂಂ ಅಂದರೂ ಇನ್ನೊಮ್ಮೆ ಕೇಳು ಅಂತ.