ತಮ್ಮನ ವಿಮಾನ ಇಳಿಯುವ ಹೊತ್ತು

ಮಾರ್ಚ್ ೧೪, ಗುರುವಾರ

ಇವತ್ತೂ ಟಿಕೆಟ್ ಕೌಂಟರಿನಲ್ಲಿ ಒಬ್ಬರಿಗೆ ಅದನ್ನೇ ಬಿಡಿಸಿ ಹೇಳಿದೆ. ಹೊರಡುವ ಹೊತ್ತು ಆ ಊರಿನದು, ಇಳಿಯುವ ಹೊತ್ತು ಈ ಊರಿನದು, ಎರಡು ಗಡಿಯಾರ ಬೇರೆ ಬೇರೆ ಎಂದು. ಮನೆಗೆ ಬಂದು ನೋಡಿದರೆ ದೀಪದ ಬುಡದಲ್ಲೇ ಕತ್ತಲೆ.

ವಿದೇಶದಲ್ಲಿರುವ ತಮ್ಮ ತನ್ನ ಟಿಕೆಟ್ ಕಳಿಸಿದ್ದಾನೆ. ಅಲ್ಲಿಯ ರಾತ್ರಿ ಒಂಬತ್ತೂವರೆಗೆ ಹೊರಟು, ನಡುವೆ ಒಂದು ಕಡೆ ವಿಮಾನ ಬದಲಿಸಿ, ಒಟ್ಟು ಹದಿಮೂರು ಗಂಟೆಯ ಪ್ರಯಾಣ. ಮೊನ್ನೆ ಫೋನಿನಲ್ಲಿ ಅವನು ಹೇಳಿದಾಗ ಬಾಯಿಲೆಕ್ಕ ಹಾಕಿ, ಎರಡು ಗಡಿಯಾರಗಳ ನಡುವಿನ ನಾಲ್ಕೂವರೆ ಗಂಟೆಯ ಅಂತರವನ್ನು ಕೂಡಿಸುವ ಬದಲು ಕಳೆದಿದ್ದೆ. ನಾಳೆ ಬೆಳಗ್ಗೆ ಆರಕ್ಕೆ ಇಳಿಯುತ್ತಾನೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದೆ. ಅವನು ಇಳಿಯುವುದು ಮಧ್ಯಾಹ್ನ ಮೂರಕ್ಕೆ. ಅಕ್ಕನ ಹೃದಯದ ಆಪರೇಷನ್ ಬೆಳಗ್ಗೆ ಎಂಟಕ್ಕೇ. ಅವನ ಮುಖ ನೋಡಿಯೇ ಒಳಗೆ ಹೋಗುವುದು ಎಂದು ವಾರದಿಂದ ಅವಳದು ಒಂದೇ ಹಟ.

ಹೇಳದೇ ಇದ್ದುಬಿಡಲೇ ಅನಿಸಿತು. ಕೊನೆಗೆ ಆಸ್ಪತ್ರೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ನಕ್ಕಳು.

"ಊರಿಗೆಲ್ಲ ಟಿಕೆಟ್ ಮಾಡಿಕೊಡೋಳು ನೀನು! ಹೋಗ್ಲಿ ಬಿಡೇ. ನಾನು ಕಣ್ಣು ಬಿಡೋ ಹೊತ್ತಿಗೆ ಎದುರಿಗಿರ್ತಾನಲ್ಲ, ಅಷ್ಟು ಸಾಕು."

"ಇರ್ತಾನೆ ಅಕ್ಕ."

ಆಮೇಲೆ ಅವಳೇ ದನಿ ತಗ್ಗಿಸಿ ಕೇಳಿದಳು. "ಕಣ್ಣು ಬಿಡ್ತೀನಿ ಅಲ್ವೇನೇ?"

ಎಷ್ಟು ಹೊತ್ತಾಗುತ್ತೆ, ಯಾವಾಗ ತಲುಪ್ತೀವಿ ಎಂದು ಕೇಳುವವರಿಗೆ ದಿನವಿಡೀ ಥಟ್ಟನೆ ಉತ್ತರ ಕೊಡುವ ಬಾಯಿ ಇದು. "ಮಲಗು ಅಕ್ಕ, ತಡ ಆಯ್ತು" ಎಂದು ಫೋನ್ ಇಟ್ಟೆ.

ಕಣ್ಣು ಉರಿಯುತ್ತಿದೆ, ನಿದ್ದೆ ಮಾತ್ರ ಇಲ್ಲ. ಬೆಳಗ್ಗೆ ಆರಕ್ಕೆ ಎಂದು ಅಷ್ಟು ಧೈರ್ಯವಾಗಿ ಸುಳ್ಳು ಲೆಕ್ಕ ಹೇಳಿದವಳಿಗೆ ಒಂದು ಹೂಂ ಅನ್ನಲು ಬಾಯಿ ಬರಲಿಲ್ಲ.