ಡಾಕ್ಟರು ಹೇಳದ ಮಾತು

ರಾಯಾಪುರ,
ಮಂಗಳವಾರ, 9 ಮಾರ್ಚ್ 1999

ಸತ್ಯಕ್ಕನಿಗೆ ವಿದ್ಯಾಳ ನಮಸ್ಕಾರಗಳು.

ಈ ಕಾಗದ ಅಂಚೆಯಲ್ಲಿ ಬಂದದ್ದು ನೋಡಿ ನಿನಗೆ ಎದೆ ಧಸಕ್ಕೆಂದಿರಬೇಕು. ಗಾಬರಿ ಬೇಡ, ನಾನು ಆರಾಮಿದ್ದೇನೆ. ಇಷ್ಟು ದಿನ ಚೀಟಿ ಬರೆದಾಗಲೆಲ್ಲ ನಿನ್ನ ಮೈದುನನ, ಅಂದರೆ ನಮ್ಮ ಮನೆಯವರ ಕೈಯಲ್ಲೇ ಊರಿಗೆ, ಮುಗದಕ್ಕೆ, ಕೊಟ್ಟು ಕಳಿಸುತ್ತಿದ್ದೆ. ಇದನ್ನು ಅವರು ಓದುವುದು ಬೇಡ ಎಂದು ಲಕೋಟೆಗೆ ಹಾಕಿ ಅಂಟಿಸಿದ್ದೇನೆ. ನೀನೂ ದುರ್ಗೇಶ ಭಾವನ ಕೈಗೆ ಕೊಟ್ಟು ಓದಿಸಬೇಡ. ಅಕ್ಷರ ದೊಡ್ಡದಾಗಿ, ಬಿಡಿಸಿ ಬರೆದಿದ್ದೇನೆ. ಎರಡು ದಿನ ಹಿಡಿದರೂ ಹಿಡಿಯಲಿ, ನೀನೇ ಓದು.

ಮೊದಲು ಒಳ್ಳೆಯ ಸುದ್ದಿ. ಹೋದ ಗುರುವಾರ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮುಗಿದವು. ಡಾಕ್ಟರು ಫಿಲ್ಮುಗಳನ್ನು ಬೆಳಕಿಗೆ ಹಿಡಿದು ನೋಡಿ, "ಸದ್ಯಕ್ಕ ಏನೂ ಕಾಣಸವಲ್ದು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗ್ರಿ" ಅಂದರು. 'ಸದ್ಯಕ್ಕ' ಎಂಬ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಇವರು ಮಾತ್ರ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಹೊರಗೆ ಬಂದವರೇ ಒಂದಾದ ಮೇಲೊಂದು ಎರಡು ಕಪ್ಪು ಚಹಾ ಕುಡಿದು, "ಯುಗಾದಿಗೆ ಪ್ರಭಾನ್ನ ಮನಿಗೆ ಕರಕೊಂಡು ಬರೂಣು" ಅಂದರು. ಯುಗಾದಿಗೆ ಇನ್ನು ಒಂಬತ್ತೇ ದಿನ. ಅತ್ತೆಯೂ ಹಾಗೆಯೇ ಹೇಳಿ ಕಳಿಸಿದ್ದಾರೆ. ನೀನಂತೂ ನನ್ನ ಮಗಳ ಅಂಗಿ, ಕುಲಾವಿ ಎಲ್ಲ ಒಗೆದು ಗಂಟು ಕಟ್ಟಿಟ್ಟಿದ್ದೀಯಂತೆ.

ಆ ಗಂಟು ಬಿಚ್ಚು, ಅಕ್ಕ. ಯಾಕೆಂದು ಹೇಳಲಿಕ್ಕೇ ಕೂತಿದ್ದೇನೆ. ನಿನಗೆ ಗೊತ್ತಿದ್ದ ಸಂಗತಿಯನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನನ್ನ ಮನಸ್ಸಿನಲ್ಲಿ ಆಗ ಏನಿತ್ತು ಎಂಬುದು ನಿನಗೆ ಗೊತ್ತಿಲ್ಲ.

ನನಗೆ ಅವ್ವ ಇಲ್ಲವೆಂದು ನನ್ನ ಬಾಣಂತನ ಅತ್ತೆಯ ಮನೆಯಲ್ಲಿ, ಮುಗದದಲ್ಲೇ ಆಯಿತು. ನೀನೇ ಆರು ತಿಂಗಳ ಬಸುರಿ, ಆದರೂ ನನಗೆ ಎಣ್ಣೆ ಹಚ್ಚಿ ನೀರು ಹಾಕಿದಿ. ಪ್ರಭಾಗೆ ಎರಡು ತಿಂಗಳಿದ್ದಾಗ ಜ್ವರ ಬಂತು. ನೀನು ಬಜೆ ತೇಯ್ದು ನೆಕ್ಕಿಸಿದಿ. ನಾನು ಎಲ್ಲರೆದುರು, "ಸಾಲಿ ಕಲೀಲಾರದವರ ಕೈಯಾಗ ಕೂಸು ಕೊಟ್ರ ಹಿಂಗ ಆಗೋದು" ಅಂದೆ. ನೀನು ನಾಲ್ಕನೆಯ ಇಯತ್ತೆ ಕಲಿತವಳು, ನಾನು ಟೀಚರ್ ಟ್ರೇನಿಂಗ್ ಮುಗಿಸಿದವಳು, ಆ ಸೊಕ್ಕು ನನಗೆ. ನೀನು ಹಿತ್ತಲಿಗೆ ಹೋಗಿ ಭಾಂಡಿ ತಿಕ್ಕುತ್ತ ಕೂತಿ. ಮುಂದಿನ ತಿಂಗಳೇ ನಾವು ರಾಯಾಪುರದಲ್ಲಿ ಮನೆ ಹಿಡಿದೆವು. ಇವರ ರೈಲ್ವೆ ವರ್ಕ್‌ಶಾಪಿಗೂ ನನ್ನ ಸಾಲೆಗೂ ಹತ್ತಿರವಾಗುತ್ತದೆ ಎಂದು ಊರಿಗೆಲ್ಲ ಹೇಳಿದೆ. ನಿನ್ನ ಅಂಬರೀಷನನ್ನು ತೊಟ್ಟಿಲಿಗೆ ಹಾಕುವ ದಿನವೂ ನಾನು ಬರಲಿಲ್ಲ.

ಜೂನಿನಲ್ಲಿ ಎಡ ಎದೆಯಲ್ಲಿ ಗಂಟು ಕೈಗೆ ಹತ್ತಿತು. ಪ್ರಭಾಗೆ ಆಗ ಏಳು ತಿಂಗಳು. ಹಾಲು ಕಟ್ಟಿರಬೇಕು ಎಂದರು ಎಲ್ಲರೂ. ಬಿಸಿನೀರಿನ ಕಾವು ಕೊಟ್ಟೆ, ಗುಳಿಗೆ ನುಂಗಿದೆ. ಇಪ್ಪತ್ತಾರು ವರ್ಷದವಳಿಗೆ ಬೇರೆ ಏನು ಹೊಳೆಯಬೇಕು? ಗಂಟು ಕರಗಲಿಲ್ಲ. ಜುಲೈಯಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಅದರ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು.

ರಿಪೋರ್ಟು ಸೋಮವಾರ ಬಂತೆಂದೇ ನಾನು ತಿಳಿದಿದ್ದೆ. ಅದು ಶುಕ್ರವಾರವೇ ಇವರ ಕೈಸೇರಿತ್ತು. ಕ್ಯಾನ್ಸರ್ ಎಂದು ಹೇಳಿದ ಡಾಕ್ಟರಿಗೆ ಇವರು ಕೇಳಿದ್ದು ಒಂದೇ ಪ್ರಶ್ನೆಯಂತೆ, ಇವಳ ಹಾಲು ಕುಡಿದರೆ ಕೂಸಿಗೆ ಏನಾದರೂ ಆಗುತ್ತದೆಯೇ ಎಂದು. ಹಾಲಿನಿಂದ ಏನೂ ಆಗುವುದಿಲ್ಲ, ಔಷಧ ಶುರುವಾದ ಮೇಲೆ ಮಾತ್ರ ಕುಡಿಸುವಂತಿಲ್ಲ ಅಂದರಂತೆ ಅವರು. ಇವರು ಶನಿವಾರ ರಜೆ ಹಾಕಿದರು. ಎರಡೂ ದಿನ ತಾವೇ ನೀರು ತಂದರು, ಅನ್ನ ಮಾಡಿದರು. "ನೀ ಏಳಬ್ಯಾಡ. ಸುಮ್ನ ಕೂಸಿನ ಕೂಡ ಕುಂಡ್ರು" ಅಂದರು. ಏನಿದು ಇಲ್ಲದ ಅಕ್ಕರೆ ಎಂದು ನಾನು ಚೇಷ್ಟೆ ಮಾಡಿದೆ. ಎಷ್ಟೋ ತಿಂಗಳ ಮೇಲೆ ಒಂದು ದಿನ ಫೈಲು ತೆಗೆದು ರಿಪೋರ್ಟಿನ ತಾರೀಖು ನೋಡಿದೆ. ಕೇಳಿದ್ದಕ್ಕೆ ತಲೆ ಬಗ್ಗಿಸಿಕೊಂಡೇ ಎಲ್ಲ ಹೇಳಿದರು.

ಆಪರೇಷನ್ನಿಗೆ ನನ್ನನ್ನು ಭರ್ತಿ ಮಾಡಿಕೊಂಡ ದಿನ ನಿನಗೆ ನೆನಪಿರಬೇಕು. ಆಪರೇಷನ್ನಿಗೆಂದು ಎದೆ ಬಿಡಿಸಿ ಎರಡು ದಿನವಾಗಿತ್ತು, ಪ್ರಭಾ ಬಾಟ್ಲಿ ಮುಟ್ಟಿರಲಿಲ್ಲ. ಅತ್ತೆ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಚಮಚೆಯಿಂದ ಹಾಕಿದ ಹಾಲೆಲ್ಲ ಗದ್ದದ ಮೇಲೆ ಇಳಿಯುತ್ತಿತ್ತು. ಅತ್ತು ಅತ್ತು ಅವಳ ದನಿಯೇ ಹೋಗಿತ್ತು. ಆಗ ನೀನು ಸ್ಟೇಷನ್ನಿನಿಂದ ನೆಟ್ಟಗೆ ಬಂದಿ, ಅಂಬರೀಷ ಟೊಂಕದ ಮೇಲೆ. ಯಾರೂ ನಿನ್ನನ್ನು ಕರೆದಿರಲಿಲ್ಲ. ಅವನನ್ನು ಅತ್ತೆಯ ತೊಡೆಯ ಮೇಲೆ ಹಾಕಿ, ನನ್ನ ಮಗಳನ್ನು ಎತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಿ. ಅವಳು ಒಮ್ಮೆ ಬಿಕ್ಕಿದಳು, ಆಮೇಲೆ ಸದ್ದಿಲ್ಲ. "ನೀ ಒಳಗ ಹೋಗವಾ. ಇಕಿ ಇನ್ನ ಅಳೂದಿಲ್ಲ. ನಾ ಊರಿಗೆ ಕರಕೊಂಡು ಹೊಕ್ಕೇನಿ" ಅಂದಿ. ಅತ್ತೆಯ ತೊಡೆಯಲ್ಲಿ ನಿನ್ನ ಮಗ ಹಸಿದು ಚೀರುತ್ತಿದ್ದ. "ಇವಗ ಅವ್ವ ದಿನಾ ಸಿಗತಾಳ. ಮೊದಲ ಆಕಿಗೆ ಹೊಟ್ಟಿತುಂಬ ಕುಡಸು" ಅಂದರು ಅತ್ತೆ.

ನಾನು ಆಡಿದ ಮಾತನ್ನು ನೀನು ಆಗ ಎತ್ತುತ್ತೀ ಎಂದು ಕಾದೆ. ಖರೇ ಹೇಳುತ್ತೇನೆ, ನೀನು ಒಂದು ಸಲ ಅಂದುಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಪಟ್ಟಿ ಬದಲಿಸುವುದನ್ನು ಇವರು ನರ್ಸಿನ ಹತ್ತಿರ ಕಲಿತುಕೊಂಡರು. ಮೊದಲ ದಿನ ಸಾಬೂನು ಹಚ್ಚಿ ಮೂರು ಸಲ ಕೈ ತೊಳೆದರು. ನಾನು ಕಣ್ಣು ಮುಚ್ಚಿಕೊಂಡೇ ಹೆಂಗೈತಿ ಎಂದು ಕೇಳಿದೆ. ಬಹಳ ಹೊತ್ತು ನೋಡಿ, "ಹೊಲಿಗಿ ನೆಟ್ಟಗ ಹಾಕ್ಯಾರ. ಕೆಲಸ ಛಲೋ ಮಾಡ್ಯಾರ" ಅಂದರು. ಫಿಟರ್ ಗಂಡನನ್ನು ಕಟ್ಟಿಕೊಂಡರೆ ಇಂಥ ಮಾತೇ ಕೇಳಬೇಕು. ನನಗೆ ನಗು ಬಂತು, ನಕ್ಕರೆ ಹೊಲಿಗೆ ಜಗ್ಗಿತು. ಪಟ್ಟಿ ಕಟ್ಟಿ ಮುಗಿಸಿ ಹೊರಗೆ ಹೋದವರು ಮಗ್ಗುಲ ಮನೆಯ ಬಡೇಸಾಬ ಕಾಕಾನ ಸೈಕಲ್ಲನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. ಆ ಸೈಕಲ್ಲಿಗೆ ಏನೂ ಆಗಿರಲಿಲ್ಲವಂತೆ. ಕಾಕಾ ಪಾಪ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

ಸೆಪ್ಟೆಂಬರಿನಿಂದ ಸಲಾಯಿನ್ನಿನಲ್ಲಿ ಔಷಧ ಏರಿಸಲು ಶುರುಮಾಡಿದರು. ಕೂದಲು ಹೋಯಿತು, ಬಾಯಿತುಂಬ ಹುಣ್ಣು. ಸೋಂಕು ತಗಲೀತು, ಸಣ್ಣ ಮಕ್ಕಳಿಂದ ದೂರ ಇರ್ರಿ ಅಂದಿದ್ದರು. ಇವರು ಪ್ರತಿ ರವಿವಾರ ಮುಗದಕ್ಕೆ ಬಂದು ಹೋಗಿ ನನಗೆ ಮಗಳ ಸುದ್ದಿ ಹೇಳುತ್ತಿದ್ದರು. ಹಲ್ಲು ಬಂತು, ಅಂಬೆಗಾಲಿಟ್ಟಳು, ನಿನ್ನ ಸೆರಗು ಹಿಡಿಯದೆ ಮಲಗುವುದಿಲ್ಲ. ಅಕ್ಟೋಬರಿನಲ್ಲಿ ಒಂದು ರವಿವಾರ, "ಪ್ರಭಾ ಮಾತಾಡಾಕತ್ತಾಳ. ಅತ್ತಿಗಿ ಕಂಡ್ರ ಅವ್ವಾ ಅಂತಾಳ" ಎಂದು ಹಿಗ್ಗಿನಿಂದ ಹೇಳಿದರು. ಛಲೋ ಆತು ಅಂದೆ. ಅವರು ಅಂಗಡಿಗೆ ಹೋದ ಮೇಲೆ ಕಾಗದ ತೆಗೆದುಕೊಂಡು ನಿನಗೆ ಚೀಟಿ ಬರೆದೆ.

ಆ ಚೀಟಿಯಲ್ಲಿ ಏನಿತ್ತೆಂದು ನಿನಗೆ ಗೊತ್ತು. ಪ್ರಭಾಗೆ ಇನ್ನು ಎದೆಹಾಲು ಕುಡಿಸಬಾರದು, ಪುಡಿಹಾಲನ್ನು ಬಾಟ್ಲಿಯಲ್ಲಿ ಕೊಡಬೇಕು, ಹಾಗೆಂದು ಡಾಕ್ಟರು ಹೇಳಿದ್ದಾರೆ ಎಂದು ಬರೆದಿದ್ದೆ.

ಅಕ್ಕ, ಡಾಕ್ಟರು ಹಾಗೆ ಹೇಳಿರಲಿಲ್ಲ. ಯಾವ ಡಾಕ್ಟರೂ ಹೇಳಿರಲಿಲ್ಲ. ನಾನು ಅವರನ್ನು ಕೇಳಿಯೇ ಇರಲಿಲ್ಲ. ನನ್ನ ಎದೆ ಇಲ್ಲದಾದ ಮೇಲೆ ನನ್ನ ಮಗಳು ನಿನ್ನ ಎದೆಗೆ ಬಾಯಿ ಹಚ್ಚಿ 'ಅವ್ವಾ' ಅನ್ನುವುದನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ನೀನು ಡಾಕ್ಟರ ಮಾತೆಂದರೆ ಮೀರುವವಳಲ್ಲ ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ನೀನು ಬಿಡಿಸಿದಿ. ಹದಿಮೂರನೆಯ ದಿನಕ್ಕೆ ಅವಳಿಗೆ ವಾಂತಿ ಭೇದಿ ಹಿಡಿಯಿತು. ಧಾರವಾಡದ ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿಸಿದಿರಿ, ಅಂಗಾಲಿನಲ್ಲಿ ಸೂಜಿ ಚುಚ್ಚಿ ಸಲಾಯಿನ್ ಹಾಕಿದರು. ಇಲ್ಲಿ ನನಗೂ ಸಲಾಯಿನ್ ಏರುತ್ತಿತ್ತು. "ತಪ್ಪು ನಂದ. ಬಾಟ್ಲಿ ಛಲೋತ್ನಾಗ ಕುದಿಸಲಿಲ್ಲ" ಎಂದು ನೀನು ಎಲ್ಲರ ಮುಂದೆ ಹೇಳಿದಿಯಂತೆ. ದುರ್ಗೇಶ ಭಾವ ನಿನ್ನ ಮೇಲೆ ಕೈ ಎತ್ತಲು ಹೋದರಂತೆ, ಅತ್ತೆ ನಡುವೆ ಬಂದರಂತೆ. ಇವರು ಇದನ್ನೆಲ್ಲ ನನಗೆ ಹೇಳುತ್ತ, "ಅತ್ತಿಗಿದು ಏನೂ ತಪ್ಪಿಲ್ಲ ಬಿಡು" ಅಂದರು. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಔಷಧದ ಸಂಕಟ ಎಂದು ತಿಳಿದು ಬೆನ್ನು ನೀವಿದರು.

ಡಾಕ್ಟರು ಏನಾದರೂ ಅನ್ನಲಿ ಎಂದು ಅತ್ತೆ ಅವಳನ್ನು ಮತ್ತೆ ನಿನ್ನ ಮಡಿಲಿಗೆ ಹಾಕಿದರು. ಹಾಗಾಗಿ ನನ್ನ ಮಗಳು ಉಳಿದಳು. ಐದು ತಿಂಗಳು ನಾನು ಬಾಯಿ ಬಿಡಲಿಲ್ಲ. ಮೊದಲು, ಹೇಗೂ ಸಾಯುತ್ತೇನೆ, ಹೇಳಿ ಏನು ಮಾಡುವುದು ಅಂದುಕೊಂಡೆ. ಜನವರಿಯಲ್ಲಿ ಕರೆಂಟ್, ಅದೇ ರೇಡಿಯೇಷನ್, ಇಡಲು ಶುರುವಾಯಿತು. ಬದುಕುತ್ತೇನೇನೋ ಎಂದು ಅನ್ನಿಸತೊಡಗಿದ್ದು ಆವಾಗ. ಆಮೇಲೆ ಹೇಳಲು ಇನ್ನೂ ಹೆದರಿಕೆಯಾಯಿತು.

ಫೆಬ್ರುವರಿ ಕೊನೆಯ ರವಿವಾರ ಇವರಿಗೆ ಡ್ಯೂಟಿ ಇತ್ತು, ನಾನೊಬ್ಬಳೇ ಮುಗದಕ್ಕೆ ಬಂದೆ. ತಲೆಗೆ ಸೆರಗು ಬಿಗಿದುಕೊಂಡಿದ್ದೆ. ಪ್ರಭಾ ನಿನ್ನ ಸೀರೆಯ ನಿರಿಗೆಯ ಹಿಂದೆ ಸೇರಿಕೊಂಡು ಒಂದೇ ಕಣ್ಣಿನಿಂದ ನನ್ನನ್ನು ನೋಡಿದಳು. ನಾನು ಕೈ ಚಾಚಿದ್ದಕ್ಕೆ ಬಂದವನು ಅಂಬರೀಷ. ಬಂದವನೇ ತೊಡೆಯ ಮೇಲೆ ಕೂತು ನನ್ನ ಬಳೆ ಎಣಿಸುವವನಂತೆ ಸರಿಸಿ ಸರಿಸಿ ಆಡಿದ. ಅವನು ಸಣ್ಣವನಿದ್ದಾಗ ಒಂದು ದಿನವೂ ನಾನು ಎತ್ತಿಕೊಂಡವಳಲ್ಲ. ಎತ್ತಿಕೊಂಡೆ ಎಂದು ನಿನಗೆ ಕಾಣಲಿ ಎಂದು ಎತ್ತಿಕೊಂಡೆ, ಆಮೇಲೆ ಬಿಡಲು ಮನಸ್ಸಾಗಲಿಲ್ಲ. ನೀನು ಪ್ರಭಾಳನ್ನು ಮುಂದಕ್ಕೆ ನೂಕುತ್ತ, "ಅವ್ವ ಬಂದಾಳ ನೋಡು, ಹೋಗು" ಅಂದಿ. ಅವಳು ನಿನ್ನ ಮುಖ ನೋಡಿದಳು. ನೀನು ಇಲ್ಲೇ ಇದ್ದೀಯಲ್ಲ, ಬಂದದ್ದು ಯಾರು ಎಂದು ಕೇಳುವಂತೆ. ಗಾಯ ನೋಯುತ್ತಿದೆ ಎಂದು ಹೇಳಿ ನಾನು ಮಧ್ಯಾಹ್ನದ ಗಾಡಿಗೇ ಹೊರಟೆ. ಗಾಯ ನೋಯುತ್ತಿರಲಿಲ್ಲ.

ಈಗ ನನ್ನ ಕೇಳಿಕೆ. ಯುಗಾದಿಗೆ ಅವಳನ್ನು ಕಳಿಸಬೇಡ. ನಿನ್ನ ಮಡಿಲಿನಿಂದ ಕಿತ್ತು ತಂದರೆ ಅವಳು ಇನ್ನೊಮ್ಮೆ ಆಸ್ಪತ್ರೆಯ ಪಡಸಾಲೆಯಲ್ಲಿ ಅತ್ತ ಹಾಗೆಯೇ ಅಳುತ್ತಾಳೆ. ಒಂದು ಸಲ ಅದನ್ನು ಕೇಳಿದ್ದು ಸಾಕು. ನಾನೇ ಬರುತ್ತೇನೆ. ಸಾಲೆಯಿಂದ ಜೂನಿನವರೆಗೆ ರಜೆ ಇದೆ. ನಾನು ಕೇಳಿದ್ದಕ್ಕೆ ಇವರು ಮೊದಲಿನಂತೆ ಮುಗದದಿಂದಲೇ ಗಾಡಿಗೆ ಹೋಗಿ ಬರುತ್ತೇನೆ ಅನ್ನುತ್ತಾರೆ. ಇಲ್ಲಿಯ ಮನೆ ಬಿಡುವ ವಿಚಾರ ಇನ್ನೂ ಮಾಡಿಲ್ಲ. ನೀನು ಅವಳಿಗೆ ಉಣ್ಣಿಸುವಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ. ಅವಳಿಗೆ ನನ್ನ ರೂಢಿ ಆಗಲಿ. ಒಂದು ತಿಂಗಳಿಗೆ ಆಗಲಿ, ನಾಲ್ಕಕ್ಕೆ ಆಗಲಿ. ನಿನ್ನನ್ನು ಅವ್ವ ಎನ್ನುವುದನ್ನು ಬಿಡಿಸಬೇಡ, ಅದನ್ನು ನಾನೂ ಬಿಡಿಸುವುದಿಲ್ಲ. 'ಸದ್ಯಕ್ಕ' ಎಂಬ ಮಾತಿನ ಮೇಲೆ ಇರುವವಳು ನಾನು. ಅವಳಿಗೆ ಇಬ್ಬರಿರಲಿ.

ಆದರೆ ಇದೆಲ್ಲ ನೀನು ಒಪ್ಪಿದರೆ ಮಾತ್ರ. ಇದನ್ನು ಓದಿದ ಮೇಲೆ ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಅದೂ ನ್ಯಾಯವೇ. ಭಾವನಿಗೆ ಖರೇ ಸಂಗತಿ ಹೇಳು, ಬಾಟ್ಲಿಯ ತಪ್ಪು ನಿನ್ನ ತಲೆಯ ಮೇಲೆ ಉಳಿಯಬಾರದು. ನಿನಗೆ ಹೇಳಲು ಆಗದಿದ್ದರೆ ನಾನೇ ಬಂದು ಎಲ್ಲರೆದುರು ಹೇಳುತ್ತೇನೆ. ಆಗ ನಿನ್ನನ್ನು ಹಳಿದ ಮಾತನ್ನೂ ಎಲ್ಲರೆದುರೇ ಆಡಿದ್ದೆನಲ್ಲ. ಇವರಿಗೂ ಇದೇ ವಾರ ಹೇಳುತ್ತೇನೆ. ಮೊದಲು ನಿನಗೆ ಗೊತ್ತಾಗಬೇಕಿತ್ತು.

ನೀನು ಉತ್ತರ ಬರೆಯಬೇಕಾಗಿಲ್ಲ. ರವಿವಾರ ಇವರು ಬಂದಾಗ 'ಬಾ ಅಂತ ಹೇಳ್ರಿ' ಎಂದು ಒಂದು ಮಾತು ಹೇಳಿ ಕಳಿಸು, ಇಲ್ಲವಾದರೆ ಏನೂ ಹೇಳಬೇಡ. ನನಗೆ ತಿಳಿಯುತ್ತದೆ.

ಅತ್ತೆಯ ಕಾಲಿಗೆ ನಮಸ್ಕಾರ. ಅಂಬರೀಷನಿಗೂ ಪ್ರಭಾಗೂ ಮುತ್ತು.

ನಿನ್ನ ತಂಗಿ,
ವಿದ್ಯಾ

ತಾ.ಕ.: ಒಂದು ಸುಳ್ಳನ್ನು ಮಾತ್ರ ನಾನು ಬಿಚ್ಚುವುದಿಲ್ಲ, ಅದಕ್ಕೆ ನಿನ್ನ ಸಹಾಯ ಬೇಕು. ಆ ರವಿವಾರ ಮುಗದದಿಂದ ಮರಳಿ ಬಂದಾಗ ಇವರು ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲೇ ನಿಂತಿದ್ದರು. ಪ್ರಭಾ ನನ್ನನ್ನು ದೂರದಿಂದ ಗುರುತು ಹಿಡಿದಳು, ಓಡಿ ಬಂದು ಕೊರಳಿಗೆ ಬಿದ್ದಳು, ಬಿಟ್ಟು ಬರುವಾಗ ಅತ್ತಳು ಎಂದು ಹೇಳಿದೆ. ಇನ್ನೊಮ್ಮೆ ಹೇಳಿಸಿದರು. ಎಂಟು ತಿಂಗಳಲ್ಲಿ ನಾನು ನೋಡದ ನಗು ಅದು. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಾರಂತೆ. ಮೊನ್ನೆ ಹೇಳಿರದಿದ್ದರೆ ಈ ರವಿವಾರ ನಿನ್ನ ಹತ್ತಿರವೂ ಹೇಳುತ್ತಾರೆ. ಹೌದು ಅನ್ನು.